ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ರಾನಿಟಿಡಿನ್: ಅಪ್ಪ ಅಮ್ಮನಿಗೆ ಯಾವ ಗ್ಯಾಸ್ ಮಾತ್ರೆ ಸರಿ?

ಭದ್ರಾವತಿ ಮಗಳು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನಿಗೆ 68 ವರ್ಷ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಅವತ್ತಿನಿಂದ ಕ್ಲೊಪಿಡೋಗ್ರೆಲ್, ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ, ಬಿಪಿ ಮಾತ್ರೆ, ಇವುಗಳ ಜೊತೆ ಪ್ಯಾನ್-ಡಿ (ಪ್ಯಾಂಟೊಪ್ರಜೋಲ್ ಇರುವ ಗ್ಯಾಸ್ ಮಾತ್ರೆ) ನಡೆಯುತ್ತಿದೆ. ಬೆಳಿಗ್ಗೆ ಕಾಫಿ ಕುಡಿದು, ದೋಸೆನೋ ಅವಲಕ್ಕಿನೋ ತಿಂದು, ಆಮೇಲೆ ಎಲ್ಲಾ ಮಾತ್ರೆಗಳನ್ನೂ ಒಂದೇ ಸಲ ನುಂಗುತ್ತಾರೆ. ಆದರೂ ವಾರಕ್ಕೆ ಎರಡು ಮೂರು ಸಲ ಹುಳಿ ತೇಗು, ಎದೆ ಉರಿ. ರಾತ್ರಿ ಊಟ ತಡವಾದರೆ ಇನ್ನೂ ಜಾಸ್ತಿ.

ಪಕ್ಕದ ಮನೆಯವರು ರಾಬೆಪ್ರಜೋಲ್ ತಗೊಳ್ಳುತ್ತಾರೆ. "ಪ್ಯಾನ್ ಎಲ್ಲಾ ಹಳೇದು, ಇದು ಸ್ಟ್ರಾಂಗ್" ಅಂತ ಅಪ್ಪನ ತಲೆಗೆ ಹುಳ ಬಿಟ್ಟಿದ್ದಾರೆ. ಕಳೆದ ತಿಂಗಳು ಇಲ್ಲೇ ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದಾಗ ಎಸೊಮೆಪ್ರಜೋಲ್ 40 ಬರೆದುಕೊಟ್ಟರು. ಅಪ್ಪ ಒಬ್ಬರೇ ಹೋಗಿದ್ದರು. ಸ್ಟೆಂಟ್ ವಿಷಯ ಹೇಳಿದರಾ ಅಂತ ಕೇಳಿದರೆ "ಅವರು ಕೇಳಲಿಲ್ಲ" ಅನ್ನುತ್ತಾರೆ. ನಾನು ಆ ಮಾತ್ರೆಯನ್ನು ಇನ್ನೂ ಶುರು ಮಾಡಿಸಿಲ್ಲ.

ಅಮ್ಮನದು ಬೇರೆ ಕಥೆ. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಅದರ ಜೊತೆಗೇ ಒಂದು ರಾನಿಟಿಡಿನ್. ನಾನು ಹೈಸ್ಕೂಲಿನಲ್ಲಿ ಇದ್ದಾಗಿನಿಂದ ಈ ರಾನಿಟಿಡಿನ್ ನೋಡುತ್ತಿದ್ದೇನೆ. ಯಾರು ಬರೆದುಕೊಟ್ಟರು ಅಂತ ಅವರಿಗೂ ನೆನಪಿಲ್ಲ. ಅದರಲ್ಲಿ ಕ್ಯಾನ್ಸರ್ ಬರಿಸುವ ವಸ್ತು ಇದೆ, ಬ್ಯಾನ್ ಆಗಿದೆ ಅಂತ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂತು. ಮೆಡಿಕಲ್ ಶಾಪಿನಲ್ಲಿ ಮಾತ್ರ ಕೇಳಿದ ತಕ್ಷಣ ಕೊಡುತ್ತಾರೆ.

ನನಗೆ ತಿಳಿಯಬೇಕಾಗಿರುವುದು ಇಷ್ಟು. ಇವುಗಳಲ್ಲಿ ನಿಜವಾಗಲೂ ಯಾವುದು ಸ್ಟ್ರಾಂಗ್? ಅಪ್ಪನಿಗೆ ಮಾತ್ರೆ ಬದಲಾಯಿಸಬೇಕಾ? ವರ್ಷಗಟ್ಟಲೆ ತಗೊಂಡರೆ ಕಿಡ್ನಿ ಹೋಗುತ್ತದೆ ಅನ್ನುವುದು ನಿಜವಾ? ಮತ್ತೆ ರಾನಿಟಿಡಿನ್ ಬ್ಯಾನ್ ಆಗಿದೆಯಾ, ಇಲ್ಲವಾ?

ಕಾಫಿ ತೋಟದವಳು:

ನಮ್ಮ ಯಜಮಾನರಿಗೂ ಪ್ಯಾನ್ ಕೆಲಸ ಮಾಡಲಿಲ್ಲ, ರಾಬೆಪ್ರಜೋಲಿಗೆ ಬದಲಾಯಿಸಿದ ಮೇಲೆ ಆರಾಮ. ಆದರೆ ನನ್ನ ಕೇಳಿದರೆ ಈ ಮಾತ್ರೆಗಳ ಸಹವಾಸವೇ ಬೇಡ. ರಾತ್ರಿ ಏಳೂವರೆಗೆ ಊಟ ಮುಗಿಸಲಿ. ಮಲಗುವ ಮುಂಚೆ ಮೂರು ಗಂಟೆ ಏನೂ ತಿನ್ನಬಾರದು. ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಎರಡು ಇಟ್ಟಿಗೆ ಇಡಿ, ಎಡ ಮಗ್ಗುಲಲ್ಲಿ ಮಲಗಲಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಾಫಿ ನಿಲ್ಲಿಸಿ (ಕಾಫಿ ಬೆಳೆಯುವವಳೇ ಹೇಳುತ್ತಿದ್ದೇನೆ ನೋಡಿ). ಎಲ್ಲಾ ಗ್ಯಾಸ್ ಮಾತ್ರೆ ನಿಲ್ಲಿಸಿ ನೀರು ಮಜ್ಜಿಗೆ ಕುಡಿಸಿ, ಹದಿನೈದು ದಿನದಲ್ಲಿ ಸರಿಯಾಗುತ್ತಾರೆ.

ಕೌಂಟರ್ ಹಿಂದಿನವನು:

ತಂಗಿ, ನಾನು ಡಾಕ್ಟರ್ ಅಲ್ಲ. ಬಿ.ಫಾರ್ಮ ಓದಿ ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ನಡೆಸಿದವನು. ಈಗ ಮಗ ಕೂರುತ್ತಾನೆ, ನಾನು ಸಂಜೆ ಹೊತ್ತು ಹೋಗಿ ಅವನ ತಲೆ ತಿನ್ನುತ್ತೇನೆ. ರಾನಿಟಿಡಿನ್‌ಗಿಂತ ಹಳೆಯ ಸಿಮೆಟಿಡಿನ್ ಮಾರಿದ ಕಾಲದಿಂದ ಈ ಮಾತ್ರೆಗಳನ್ನು ನೋಡಿದ್ದೇನೆ.

ಮೊದಲು ಮೇಲಿನ ಅಮ್ಮನವರ ಮಾತಿಗೆ. ಇಟ್ಟಿಗೆ, ಎಡ ಮಗ್ಗುಲು, ಬೇಗ ಊಟ, ಮೂರೂ ಸರಿ. ಆದರೆ "ಎಲ್ಲಾ ಮಾತ್ರೆ ನಿಲ್ಲಿಸಿ" ಅನ್ನುವುದನ್ನು ದಯವಿಟ್ಟು ಪಾಲಿಸಬೇಡಿ. ನಿಮ್ಮ ಅಪ್ಪನಿಗೆ ಆ ಮಾತ್ರೆ ಕೊಟ್ಟಿರುವುದು ಎದೆ ಉರಿಗೆ ಅಲ್ಲ. ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಎರಡೂ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತವೆ. ಹೊಟ್ಟೆಯಲ್ಲಿ ಒಂದು ಸಣ್ಣ ಹುಣ್ಣಾದರೂ ಸಾಕು, ರಕ್ತ ನಿಲ್ಲುವುದಿಲ್ಲ. ಅದನ್ನು ತಡೆಯಲು ಆಸಿಡ್ ಇಳಿಸುವ ಮಾತ್ರೆ. ಅವರಿಗೆ ಒಂದು ದಿನವೂ ಎದೆ ಉರಿಯದಿದ್ದರೂ ಅದು ಬೇಕು. ಪಕ್ಕದ ಮನೆಯವರ ರಾಬೆಪ್ರಜೋಲಿಗೂ ನಿಮ್ಮ ಅಪ್ಪನ ಪ್ಯಾಂಟೊಪ್ರಜೋಲಿಗೂ ಹೋಲಿಕೆ ಮಾಡುವುದೇ ತಪ್ಪು, ಇಬ್ಬರೂ ಬೇರೆ ಬೇರೆ ಕೆಲಸಕ್ಕೆ ತಗೊಳ್ಳುತ್ತಿದ್ದಾರೆ.

ಈಗ ಸ್ಟ್ರಾಂಗ್ ಯಾವುದು ಅನ್ನುವ ಪ್ರಶ್ನೆ. ಕೌಂಟರಿನಲ್ಲಿ ನನಗೆ ದಿನಾ ಬರುತ್ತಿದ್ದ ಪ್ರಶ್ನೆ ಇದು. 40 ಅಂದರೆ 20ರ ಎರಡರಷ್ಟು ಅಂತ ಜನ ಅಂದುಕೊಳ್ಳುತ್ತಾರೆ. ಒಂದೇ ಮಾತ್ರೆಯಲ್ಲಿ ಆ ಲೆಕ್ಕ ಸರಿ, ಬೇರೆ ಬೇರೆ ಮಾತ್ರೆಗಳ ನಡುವೆ ಅಲ್ಲ. ಆಸಿಡ್ ಎಷ್ಟು ಇಳಿಯುತ್ತದೆ ಅಂತ ಅಳೆದು ಇದೇ ಗುಂಪಿನ ಹಳೆಯ ಮಾತ್ರೆ ಓಮೆಪ್ರಜೋಲಿಗೆ ಹೋಲಿಸಿದ ಲೆಕ್ಕ ಹೀಗಿದೆ: ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ಅಂದರೆ ಸುಮಾರು 9 ಮಿ.ಗ್ರಾಂ. ಓಮೆಪ್ರಜೋಲಿಗೆ ಸಮ. ಲ್ಯಾನ್ಸೊಪ್ರಜೋಲ್ 30 ಅಂದರೆ 27ಕ್ಕೆ. ಎಸೊಮೆಪ್ರಜೋಲ್ 20 ಅಂದರೆ 32ಕ್ಕೆ. ರಾಬೆಪ್ರಜೋಲ್ 20 ಅಂದರೆ 36ಕ್ಕೆ. ನೋಡಿ, ಸಂಖ್ಯೆ ದೊಡ್ಡದಿರುವ ಪ್ಯಾಂಟೊಪ್ರಜೋಲೇ ಎಲ್ಲಕ್ಕಿಂತ ಮೆತ್ತಗೆ. ಪಕ್ಕದ ಮನೆಯವರು ಹೇಳಿದ್ದರಲ್ಲಿ ಅಷ್ಟು ನಿಜ ಇದೆ.

ಆದರೆ ಮೆತ್ತಗಿದ್ದರೆ ಸಾಲದು ಅಂತ ಅರ್ಥ ಅಲ್ಲ. ಹೆಚ್ಚಿನವರಿಗೆ ಅಷ್ಟೇ ಸಾಕು. ಸಾಲದೇ ಇರುವವರಲ್ಲಿ ಬಹಳ ಮಂದಿ ಮಾತ್ರೆಯನ್ನು ತಪ್ಪು ಹೊತ್ತಿನಲ್ಲಿ ನುಂಗುತ್ತಿರುತ್ತಾರೆ. ನಿಮ್ಮ ಅಪ್ಪನೂ ಅದೇ ಸಾಲಿನಲ್ಲಿ ಇದ್ದಾರೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಟ್ಟೆಯ ಗೋಡೆಯ ಜೀವಕೋಶಗಳಲ್ಲಿ ಆಸಿಡ್ ಹೊರಹಾಕುವ ಪಂಪುಗಳಿವೆ. ಪಂಪ್ ಅಂತಲೇ ಅದರ ಹೆಸರು, ನಾನು ಕೊಟ್ಟಿದ್ದಲ್ಲ. ತೋಟದ ಮೋಟಾರಿಗೆ ಸ್ಟಾರ್ಟರ್ ಇರುವ ಹಾಗೆ ಈ ಪಂಪಿಗೂ ಆನ್ ಮಾಡುವ ದಾರಿಗಳಿವೆ. ಅದರಲ್ಲಿ ಒಂದು ಹಿಸ್ಟಮಿನ್, ನಮ್ಮ ದೇಹವೇ ತಯಾರಿಸುವ ಒಂದು ರಾಸಾಯನಿಕ. ರಾನಿಟಿಡಿನ್, ಫಾಮೊಟಿಡಿನ್ ಆ ಸ್ಟಾರ್ಟರ್ ಹತ್ತಿರ ತಡೆಯುತ್ತವೆ. ಪ್ರಜೋಲ್ ಅಂತ ಕೊನೆಯಾಗುವ ಮಾತ್ರೆಗಳು ಮೋಟಾರಿಗೇ ಅಂಟಿಕೊಂಡು ಕೆಡಿಸಿಬಿಡುತ್ತವೆ. ಅದಕ್ಕೇ ಅವು ಜಾಸ್ತಿ ಬಲ. ಮಾತ್ರೆ ರಕ್ತದಲ್ಲಿ ಒಂದೆರಡು ಗಂಟೆಯಲ್ಲೇ ಅರ್ಧಕ್ಕೆ ಇಳಿಯುತ್ತದೆ, ಆದರೆ ಕೆಟ್ಟ ಪಂಪಿನ ಜಾಗಕ್ಕೆ ಹೊಸದು ಬರುವ ತನಕ ಕೆಲಸ ಮುಂದುವರಿಯುತ್ತದೆ.

ಇಲ್ಲಿ ಒಂದು ಷರತ್ತಿದೆ. ಅದು ಓಡುತ್ತಿರುವ ಪಂಪಿಗೆ ಮಾತ್ರ ಅಂಟುತ್ತದೆ, ನಿಂತಿರುವುದಕ್ಕೆ ಅಲ್ಲ. ಪಂಪುಗಳು ಜೋರಾಗಿ ಓಡುವುದು ತಿಂಡಿ ಒಳಗೆ ಹೋದಾಗ. ಆ ಹೊತ್ತಿಗೆ ಮಾತ್ರೆ ರಕ್ತದಲ್ಲಿ ತಯಾರಾಗಿ ಇರಬೇಕು. ಅದಕ್ಕೇ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ, ನೀರಿನ ಜೊತೆ. ನುಂಗಿ ಸುಮ್ನೆ ಹಾಗೇ ಮಧ್ಯಾಹ್ನದ ತನಕ ಇದ್ದರೂ ಪ್ರಯೋಜನ ಕಡಿಮೆ, ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನಲೇಬೇಕು. ದೋಸೆ ಆದ ಮೇಲೆ ನುಂಗಿದರೆ ಮಾತ್ರೆ ಬರುವಷ್ಟರಲ್ಲಿ ಪಂಪುಗಳ ಓಟ ಮುಗಿಯುತ್ತಾ ಬಂದಿರುತ್ತದೆ. ಒಂದೇ ದಿನದಲ್ಲಿ ಪೂರ್ತಿ ಪರಿಣಾಮವೂ ಬರುವುದಿಲ್ಲ, ಮೂರರಿಂದ ಐದು ದಿನ ಬೇಕು. "ಉರಿದಾಗ ಒಂದು ಪ್ಯಾನ್ ಹಾಕಿಕೊಳ್ಳುತ್ತೇನೆ" ಅನ್ನುವವರಿಗೆ ನಾನು ಯಾವಾಗಲೂ ಹೇಳುತ್ತಿದ್ದೆ, ಆ ಹೊತ್ತಿನ ಉರಿಗೆ ಜೆಲುಸಿಲ್ ಥರದ್ದು ಬೇಗ ಕೆಲಸ ಮಾಡುತ್ತದೆ ಅಂತ. ಬಿಪಿ ಇರುವವರು ಈನೋವನ್ನು ಪದೇ ಪದೇ ಕುಡಿಯದಿರುವುದು ಒಳ್ಳೆಯದು, ಅದರಲ್ಲಿ ಸೋಡಿಯಂ ಜಾಸ್ತಿ.

ಈಗ ನೀವು ಕೇಳದೇ ಇರುವ ಪ್ರಶ್ನೆಗೆ ಬರುತ್ತೇನೆ. ನನಗೆ ಪ್ಯಾಂಟೊಪ್ರಜೋಲಾ ರಾಬೆಪ್ರಜೋಲಾ ಅನ್ನುವುದಕ್ಕಿಂತ ಇದೇ ಮುಖ್ಯ. ಪ್ಯಾನ್-ಡಿಯಲ್ಲಿ ಇರುವ ಆ "ಡಿ" ಯಾಕೆ ನಡೆಯುತ್ತಿದೆ?

ಅದು ಡೊಂಪೆರಿಡೋನ್. ವಾಂತಿ, ಹೊಟ್ಟೆ ಉಬ್ಬರಕ್ಕೆ ಕೊಡುವ ಔಷಧಿ. ಆಸಿಡ್ ಇಳಿಸುವುದಕ್ಕೂ ಅದಕ್ಕೂ ಸಂಬಂಧ ಇಲ್ಲ, ಹೊಟ್ಟೆಯಿಂದ ಊಟ ಬೇಗ ಮುಂದೆ ಹೋಗುವಂತೆ ಮಾಡುತ್ತದೆ. ಆ ಕ್ಯಾಪ್ಸೂಲಿನಲ್ಲಿ ಪ್ಯಾಂಟೊಪ್ರಜೋಲ್ 40 ಮತ್ತು ನಿಧಾನವಾಗಿ ಬಿಡುಗಡೆಯಾಗುವ ಡೊಂಪೆರಿಡೋನ್ 30 ಮಿ.ಗ್ರಾಂ. ಇರುತ್ತದೆ. ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಹೇಳಿದರು: ಹೃದಯದ ಬಡಿತದ ಲಯ ತಪ್ಪುವ ಅಪಾಯ ಇದೆ, ವಾಂತಿ ಮತ್ತು ವಾಕರಿಕೆಗೆ ಮಾತ್ರ ಕೊಡಿ, ಸಾಮಾನ್ಯವಾಗಿ ಒಂದು ವಾರ ಮೀರಬೇಡಿ ಅಂತ. 60 ದಾಟಿದವರಿಗೆ ಆ ಅಪಾಯ ಜಾಸ್ತಿ. ಮೊದಲೇ ಹೃದಯದ ತೊಂದರೆ ಇರುವವರಿಗೆ ಇನ್ನೂ ಎಚ್ಚರ ಬೇಕು. ಅಮೆರಿಕದಲ್ಲಿ ಅದಕ್ಕೆ ಅನುಮತಿಯೇ ಇಲ್ಲ. ನಮ್ಮಲ್ಲಿ ಮಾತ್ರ ಡಿ ಇಲ್ಲದ ಪ್ಯಾನ್ ಕೊಟ್ಟರೆ "ಇದು ಬೇರೆ, ನಮ್ಮದು ಅಲ್ಲ" ಅಂತ ಜನ ವಾಪಸ್ ಕೊಡುತ್ತಾರೆ.

ಇದೇ ಥರ ಕೆಲವು ಕಾಂಬಿನೇಷನ್‌ಗಳಲ್ಲಿ "ಎಲ್" ಇರುತ್ತದೆ, ಬಹಳ ಸಲ ಅದು ಲೆವೊಸಲ್ಪಿರೈಡ್. ವಯಸ್ಸಾದವರು ಅದನ್ನು ತಿಂಗಳುಗಟ್ಟಲೆ ತಗೊಂಡು ಕೈ ನಡುಕ, ನಿಧಾನ ನಡಿಗೆ ಬಂದು, ಪಾರ್ಕಿನ್ಸನ್ ಅಂತ ಹೆದರಿ ಓಡಾಡಿದ್ದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ. ಮುಂದಿನ ದೊಡ್ಡ ಹೆಸರಿನಿಂದ ಏನೂ ತಿಳಿಯುವುದಿಲ್ಲ.

ಹಾಗಂತ ನಾಳೆಯೇ ನೀವಾಗಿ ಬದಲಾಯಿಸಬೇಡಿ. ಹೃದಯದ ಡಾಕ್ಟರನ್ನು ಒಂದೇ ಮಾತು ಕೇಳಿ: "ಸರ್, ಡಿ ಇಲ್ಲದ ಬರೀ ಪ್ಯಾಂಟೊಪ್ರಜೋಲ್ ಸಾಕಾಗುತ್ತದಾ?" ಹೂಂ ಅಂದರೆ ಚೀಟಿಯಲ್ಲಿ ಬರೆಸಿಕೊಳ್ಳಿ. ಜನೌಷಧಿ ಕೇಂದ್ರದಲ್ಲಿ ಬರೀ ಪ್ಯಾಂಟೊಪ್ರಜೋಲ್ ಸಿಗುತ್ತದೆ, ಬೆಲೆಯೂ ಕಡಿಮೆ.

ಅಮ್ಮನ ವಿಷಯ. ರಾನಿಟಿಡಿನ್ 1981ರಲ್ಲಿ ಬಂತು. ಅದಕ್ಕೂ ಮುಂಚೆ ಸಿಮೆಟಿಡಿನ್, 1976. ಅದನ್ನು ಕಂಡುಹಿಡಿಯುವುದಕ್ಕೆ ದಾರಿ ಮಾಡಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು, ಅವರ ಜೊತೆ ಇನ್ನಿಬ್ಬರಿಗೆ. ಸಿಮೆಟಿಡಿನ್ ಬರುವ ಮುಂಚೆ ಹೊಟ್ಟೆ ಹುಣ್ಣಿಗೆ ಆಪರೇಷನ್ ಮಾಡಿಸಿಕೊಂಡವರು ಎಷ್ಟು ಜನ! ಆದರೆ ಅದು ಬೇರೆ ಮಾತ್ರೆಗಳ ಜೊತೆ ಜಗಳ ಆಡುತ್ತಿತ್ತು, ಕೆಲವು ಗಂಡಸರಿಗೆ ಎದೆ ಊದುತ್ತಿತ್ತು. ರಾನಿಟಿಡಿನ್ ಬಂದ ಮೇಲೆ ಅದನ್ನು ಕೇಳುವವರೇ ಇಲ್ಲವಾದರು.

2019ರಲ್ಲಿ ರಾನಿಟಿಡಿನ್ ಮಾತ್ರೆಗಳಲ್ಲಿ ಎನ್‌ಡಿಎಂಎ ಅನ್ನುವ ವಸ್ತು ಸಿಕ್ಕಿತು. ಕ್ಯಾನ್ಸರ್ ಬರಿಸಬಹುದು ಅಂತ ಗುರುತಿಸಿರುವ ವಸ್ತು ಅದು. ಇಟ್ಟಲ್ಲೇ ಇಟ್ಟರೂ ಅದು ನಿಧಾನವಾಗಿ ಹೆಚ್ಚುತ್ತದೆ, ಬಿಸಿಲಿನ ಜಾಗದಲ್ಲಿ ಬೇಗ ಹೆಚ್ಚುತ್ತದೆ ಅಂತ ಗೊತ್ತಾಗಿ ಅಮೆರಿಕ 2020ರ ಏಪ್ರಿಲ್‌ನಲ್ಲಿ ಎಲ್ಲಾ ರಾನಿಟಿಡಿನ್ ವಾಪಸ್ ತೆಗೆಸಿತು. ನಮ್ಮಲ್ಲಿ ಬ್ಯಾನ್ ಆಗಿಲ್ಲ. ಆದರೆ 2022ರಲ್ಲಿ ಕೇಂದ್ರ ಸರ್ಕಾರ ಅಗತ್ಯ ಔಷಧಿಗಳ ಪಟ್ಟಿಯಿಂದ ಅದನ್ನು ಕೈಬಿಟ್ಟಿತು. ಗ್ರೂಪಿನಲ್ಲಿ ಬಂದದ್ದು ಅರ್ಧ ನಿಜ. ಗಾಬರಿ ಬೇಡ, ಆದರೆ ಅದೇ ಗುಂಪಿನ ಫಾಮೊಟಿಡಿನ್ ಇರುವಾಗ ಏಪ್ರಿಲ್ ಬಿಸಿಲಲ್ಲಿ ಅಡುಗೆಮನೆ ಶೆಲ್ಫಿನ ಮೇಲೆ ರಾನಿಟಿಡಿನ್ ಇಟ್ಟುಕೊಂಡು ನುಂಗುವುದು ಯಾಕೆ, ಅಲ್ವಾ?

ಇನ್ನೊಂದು. ರಾನಿಟಿಡಿನ್, ಫಾಮೊಟಿಡಿನ್ ಗುಂಪಿನ ಮಾತ್ರೆಗಳಿಗೆ ದೇಹ ಒಗ್ಗಿಕೊಳ್ಳುತ್ತದೆ. ದಿನಾ ತಗೊಂಡರೆ ಒಂದೆರಡು ವಾರದಲ್ಲೇ ಬಲ ಕುಗ್ಗುತ್ತದೆ. ಬೇಕಾದಾಗ ಮಾತ್ರ ತಗೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಮ್ಮ ಇಷ್ಟು ವರ್ಷ ನುಂಗಿದ್ದರಲ್ಲಿ ಮಾತ್ರೆಯ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು ಅಂತ ಹೇಳುವುದು ಕಷ್ಟ. ಥೈರಾಯ್ಡ್ ಮಾತ್ರೆ ಕರಗಿ ಹೀರಿಕೊಳ್ಳುವುದಕ್ಕೆ ಹೊಟ್ಟೆಯಲ್ಲಿ ಆಸಿಡ್ ಬೇಕು. ಆಸಿಡ್ ಇಳಿಸುವ ಮಾತ್ರೆ ಶುರು ಮಾಡಿದರೂ ನಿಲ್ಲಿಸಿದರೂ ಒಂದೆರಡು ತಿಂಗಳ ನಂತರ ಟಿಎಸ್‌ಎಚ್ (ಥೈರಾಯ್ಡ್ ಮಟ್ಟ ತಿಳಿಸುವ ರಕ್ತ) ಪರೀಕ್ಷೆ ಮಾಡಿಸಬೇಕು. ಇದನ್ನು ಮನೆಯಲ್ಲಿ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಒಂದು ಮರುಪ್ರಶ್ನೆ: ನಿಮ್ಮ ಅಪ್ಪ ಮಂಡಿ ನೋವಿಗೆ, ಬೆನ್ನು ನೋವಿಗೆ ಏನಾದರೂ ನುಂಗುತ್ತಾರಾ? ಅವರನ್ನು ಕೇಳಬೇಡಿ, ಅವರ ಡ್ರಾಯರ್ ತೆಗೆದು ನೋಡಿ.

ಹುಬ್ಬಳ್ಳಿ ಎಂಡಿ:

ಕೌಂಟರಿನ ಹಿರಿಯರು ಚೊಲೋ ಬರೆದಿದ್ದಾರೆ. ನಾನು ಮೆಡಿಸಿನ್ ವಿಭಾಗದ ಡಾಕ್ಟರ್, ಎರಡು ಮೂರು ಮಾತು ಸೇರಿಸುತ್ತೇನೆ.

ಆ ಎಸೊಮೆಪ್ರಜೋಲನ್ನು ಶುರು ಮಾಡಿಸದೇ ಇದ್ದದ್ದು ಒಳ್ಳೆಯದಾಯಿತು. ಕ್ಲೊಪಿಡೋಗ್ರೆಲ್ ನುಂಗಿದ ಹಾಗೆಯೇ ಕೆಲಸ ಮಾಡುವ ಗುಳಿಗೆ ಅಲ್ಲ. ಲಿವರಿನಲ್ಲಿರುವ ಒಂದು ಕಿಣ್ವ ಅದನ್ನು ಬದಲಾಯಿಸಿದ ಮೇಲೆ ಕೆಲಸ ಶುರು. ಓಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ಅದೇ ಕಿಣ್ವವನ್ನು ತಡೆಯುತ್ತವೆ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಜೋಡಿ ಬೇಡ ಅಂತ ಎಚ್ಚರಿಸಿತು. ಆದರೆ ಮರುವರ್ಷ ಪ್ರಕಟವಾದ ಕೊಜೆಂಟ್ ಅಧ್ಯಯನದಲ್ಲಿ, ಸುಮಾರು 3,700 ರೋಗಿಗಳಲ್ಲಿ, ಕ್ಲೊಪಿಡೋಗ್ರೆಲ್ ಜೊತೆ ಓಮೆಪ್ರಜೋಲ್ ಕೊಟ್ಟರೂ ಹೃದಯದ ತೊಂದರೆ ಹೆಚ್ಚಾದದ್ದು ಕಾಣಲಿಲ್ಲ, ಹೊಟ್ಟೆಯ ರಕ್ತಸ್ರಾವದಂಥ ತೊಂದರೆ ಮಾತ್ರ ಚೆನ್ನಾಗಿ ಕಡಿಮೆಯಾಯಿತು. ಆ ಅಧ್ಯಯನ ಹಣದ ತೊಂದರೆಯಿಂದ ಅರ್ಧಕ್ಕೇ ನಿಂತಿತು, ಹಾಗಾಗಿ ಅದನ್ನೇ ಕೊನೆಯ ಮಾತು ಅನ್ನಲಿಕ್ಕೆ ಬರುವುದಿಲ್ಲ. ಪ್ಯಾಂಟೊಪ್ರಜೋಲ್ ಆ ಕಿಣ್ವಕ್ಕೆ ಅಷ್ಟು ಅಡ್ಡ ಬರುವುದಿಲ್ಲ. ಸ್ಟೆಂಟ್ ಆದವರಿಗೆ ನಾವು ಹೆಚ್ಚಾಗಿ ಅದನ್ನೇ ಬರೆಯುವುದು ಇದಕ್ಕೇ. ಅದು ಮೆತ್ತಗೆ ಅನ್ನುವುದು ಇಲ್ಲಿ ಕೊರತೆ ಅಲ್ಲ.

ಕಿಡ್ನಿ ಬಗ್ಗೆ. ಈ ಗುಳಿಗೆಗಳಿಂದ ಅಪರೂಪಕ್ಕೆ ಕಿಡ್ನಿಯಲ್ಲಿ ಒಂದು ಬಗೆಯ ಅಲರ್ಜಿಯಂಥ ಊತ ಬರುವುದು ನಿಜ. 2019ರಲ್ಲಿ ನಮ್ಮ ದೇಶದ ಔಷಧ ನಿಯಂತ್ರಕರೂ ಕಿಡ್ನಿಗೆ ದಿಢೀರ್ ಪೆಟ್ಟು ಬೀಳಬಹುದು ಅನ್ನುವ ಎಚ್ಚರಿಕೆಯನ್ನು ಗುಳಿಗೆಯ ಮಾಹಿತಿ ಚೀಟಿಯಲ್ಲಿ ಹಾಕಿಸಲು ಹೇಳಿದರು. ಆದರೆ ಅದೇ ವರ್ಷ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 17,598 ಹೃದಯ ಮತ್ತು ರಕ್ತನಾಳದ ರೋಗಿಗಳಿಗೆ ಪ್ಯಾಂಟೊಪ್ರಜೋಲ್ 40 ಅಥವಾ ಔಷಧಿಯಿಲ್ಲದ ಗುಳಿಗೆ ಕೊಟ್ಟು ಸುಮಾರು ಮೂರು ವರ್ಷ ನೋಡಿದರು. ಮೂಳೆ ಮುರಿತ, ದೀರ್ಘಕಾಲದ ಕಿಡ್ನಿ ರೋಗ, ಮರೆವು, ನ್ಯುಮೋನಿಯಾ, ಯಾವುದರಲ್ಲೂ ಗಟ್ಟಿ ವ್ಯತ್ಯಾಸ ಸಿಗಲಿಲ್ಲ. ಕರುಳಿನ ಸೋಂಕು ಮಾತ್ರ ಶೇ. 1.0 ಇದ್ದದ್ದು 1.4 ಆಯಿತು. ಭಯದ ಸುದ್ದಿಗಳಲ್ಲಿ ಹೆಚ್ಚಿನವು ಹಳೆಯ ದಾಖಲೆಗಳನ್ನು ತಿರುವಿ ಹಾಕಿ ಬಂದವು. ಮೊದಲೇ ಕಾಯಿಲೆ ಜಾಸ್ತಿ ಇದ್ದವರೇ ಈ ಗುಳಿಗೆ ಜಾಸ್ತಿ ತಗೊಂಡಿರುತ್ತಾರೆ, ಯಾವುದರಿಂದ ಯಾವುದು ಬಂತು ಅಂತ ಬಿಡಿಸುವುದು ಕಷ್ಟ. ವರ್ಷಗಟ್ಟಲೆ ತಗೊಳ್ಳುವವರಲ್ಲಿ ಬಿ12 ಮತ್ತು ಮೆಗ್ನೀಷಿಯಂ ಕಡಿಮೆಯಾಗಬಹುದು. ನಿಮ್ಮ ಅಪ್ಪ ಶಾಕಾಹಾರಿ ಆಗಿದ್ದರೆ ಬಿ12 ಒಮ್ಮೆ ನೋಡಿಸಿ, ಕ್ರಿಯೇಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ಹೇಗೂ ನೋಡುತ್ತಾರೆ.

ಕೊನೆಗೆ ಒಂದು. ಹಾರ್ಟ್ ಅಟ್ಯಾಕ್ ಆದವರಿಗೆ ಎದೆ ಉರಿ ಅಂದರೆ ನಾನು ಮೊದಲೇ "ಗ್ಯಾಸ್" ಅನ್ನುವುದಿಲ್ಲ. ನಡೆದಾಗ, ಮೆಟ್ಟಿಲು ಹತ್ತಿದಾಗ ಬರುತ್ತದಾ, ಬೆವರು ಬರುತ್ತದಾ, ಕೈಗೆ ದವಡೆಗೆ ಹರಡುತ್ತದಾ ಅಂತ ಕೇಳಿ. ಹಾಗೇನಾದರೂ ಇದ್ದರೆ ಗುಳಿಗೆ ಹುಡುಕುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ತೂಕ ಇಳಿಯುವುದು, ರಕ್ತ ಕಡಿಮೆ ಆಗುವುದು ಇದ್ದರೆ ಎಂಡೋಸ್ಕೋಪಿ ಬೇಕು. ಅಟ್ಯಾಕ್ ಆಗಿ ಎರಡು ವರ್ಷವಾಗಿದೆ ಅಂದಿರಿ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಎರಡೂ ಇನ್ನೂ ಬೇಕಾ ಅಂತ ಹೃದಯದ ಡಾಕ್ಟರನ್ನು ಕೇಳಲೇಬೇಕು. ಬಹಳ ಜನರಿಗೆ ಒಂದು ವರ್ಷದ ನಂತರ ಒಂದನ್ನು ನಿಲ್ಲಿಸುತ್ತಾರೆ, ಕೆಲವರಿಗೆ ಮುಂದುವರಿಸಲು ಕಾರಣ ಇರುತ್ತದೆ. ಅದು ಅವರ ತೀರ್ಮಾನ, ನಮ್ಮ ನಿಮ್ಮದಲ್ಲ.

ಭದ್ರಾವತಿ ಮಗಳು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಡ್ರಾಯರ್ ತೆಗೆದೆ ಅಣ್ಣ. ಎರಡು ಬೇರೆ ಬೇರೆ ಹೆಸರಿನ ಸ್ಟ್ರಿಪ್ ಸಿಕ್ಕವು, ಹಿಂದೆ ಓದಿದರೆ ಎರಡರಲ್ಲೂ ಅಸಿಕ್ಲೊಫೆನಾಕ್. ಅಪ್ಪ ಮಂಡಿ ನೋವಿಗೆ ವಾರಕ್ಕೆ ಎರಡು ಮೂರು ನುಂಗುತ್ತಾರಂತೆ. "ಅದು ಸಣ್ಣ ಮಾತ್ರೆ, ಲೆಕ್ಕಕ್ಕಿಲ್ಲ" ಅಂದರು. ನಡೆದಾಗ ಎದೆ ಉರಿ ಬರುವುದಿಲ್ಲ, ಊಟ ಆದ ಮೇಲೆ ಬಗ್ಗಿದರೆ, ಮಲಗಿದರೆ ಬರುತ್ತದೆ.

ಪ್ಯಾನ್-ಡಿಯನ್ನು ತಿಂಡಿಗೆ ಮುಕ್ಕಾಲು ಗಂಟೆ ಮೊದಲು ಕೊಡುವುದಕ್ಕೆ ಶುರು ಮಾಡಿದ್ದೇನೆ. ಕಾಫಿ ಕಾಯಬೇಕಲ್ಲ ಅಂತ ಅಪ್ಪನಿಗೆ ಸಿಟ್ಟು.

ಇನ್ನೆರಡು ವಿಷಯ. ಇಲ್ಲಿನ ಮೆಡಿಕಲ್ ಶಾಪಿನ ಹುಡುಗ "ಈಗ ವೊನೊಪ್ರಜಾನ್ ಅಂತ ಬಂದಿದೆ, ಊಟದ ಮುಂಚೆ ಹಿಂದೆ ಅಂತ ರಗಳೆ ಇಲ್ಲ" ಅಂದ. ಅದು ಹೇಗೆ? ಮತ್ತೆ ಅಮ್ಮ ರಾನಿಟಿಡಿನ್ ಪಟ್ಟನೆ ನಿಲ್ಲಿಸಬಹುದಾ? ಒಂದು ದಿನ ಬಿಟ್ಟರೂ "ಉರಿ ಶುರುವಾಯ್ತು ನೋಡು" ಅನ್ನುತ್ತಾರೆ.

ಕೌಂಟರ್ ಹಿಂದಿನವನು:

ಅಸಿಕ್ಲೊಫೆನಾಕ್! ಅದೇ ಅನುಮಾನ ಇತ್ತು. ಆಸ್ಪಿರಿನ್, ಕ್ಲೊಪಿಡೋಗ್ರೆಲ್, ಅದರ ಮೇಲೆ ನೋವಿನ ಮಾತ್ರೆ. ಹೊಟ್ಟೆಯಲ್ಲಿ ರಕ್ತ ಸುರಿಯುವುದಕ್ಕೆ ಇದಕ್ಕಿಂತ ಕೆಟ್ಟ ಕೂಟ ಇನ್ನೊಂದು ಬೇಕಾಗಿಲ್ಲ. ಈ ನೋವಿನ ಮಾತ್ರೆಗಳು ಆಸಿಡ್ ಜಾಸ್ತಿ ಮಾಡುವುದಿಲ್ಲ, ಹೊಟ್ಟೆಯ ಒಳಪದರವನ್ನು ಕಾಪಾಡುವ ವಸ್ತುವನ್ನೇ ಕಡಿಮೆ ಮಾಡುತ್ತವೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯದಲ್ಲ. ಕಿಡ್ನಿ ಹೋಗುತ್ತದೆ ಅಂತ ಪ್ಯಾನ್ ಮೇಲೆ ಅನುಮಾನ ಪಟ್ಟಿರಿ, ನಿಜವಾದ ಆಸಾಮಿ ಡ್ರಾಯರಿನಲ್ಲಿ ಕೂತಿದ್ದ. ಆ ಎರಡೂ ಸ್ಟ್ರಿಪ್ಪಿನ ಮಾತ್ರೆಗಳನ್ನು ಈಗಲೇ ಮನೆಯಿಂದ ಹೊರಗೆ ಹಾಕಿ, ಖಾಲಿ ಸ್ಟ್ರಿಪ್ ಮಾತ್ರ ಇಟ್ಟುಕೊಳ್ಳಿ. ಮಂಡಿಗೆ ಪ್ಯಾರಾಸಿಟಮಾಲ್ ಆಗಬಹುದಾ, ಹಚ್ಚುವ ಜೆಲ್ ಆಗಬಹುದಾ ಅಂತ ಡಾಕ್ಟರನ್ನು ಕೇಳಿ. ಅಪ್ಪ ಹೋಗುವ ಮೆಡಿಕಲ್ ಶಾಪಿಗೆ ನೀವೇ ಹೋಗಿ "ಇವರಿಗೆ ಸ್ಟೆಂಟ್ ಇದೆ, ಚೀಟಿ ಇಲ್ಲದೆ ನೋವಿನ ಮಾತ್ರೆ ಕೊಡಬೇಡಿ" ಅಂತ ಹೇಳಿ ಬನ್ನಿ. ಒಳ್ಳೆಯ ಅಂಗಡಿಯವನಾದರೆ ನೆನಪಿಟ್ಟುಕೊಳ್ಳುತ್ತಾನೆ.

ವೊನೊಪ್ರಜಾನ್ ಬಗ್ಗೆ ಆ ಹುಡುಗ ಹೇಳಿದ್ದು ಸುಳ್ಳಲ್ಲ. ಜಪಾನಿನ ಟಕೇಡಾ ಕಂಪನಿಯದ್ದು, ಅಲ್ಲಿ 2014ರ ಕೊನೆಯಲ್ಲಿ ಅನುಮತಿ ಸಿಕ್ಕಿತು. ನಮ್ಮಲ್ಲಿ ಇತ್ತೀಚೆಗೆ ಬಂದಿದೆ. ಇದೂ ಪಂಪಿನ ಮೇಲೇ ಕೆಲಸ ಮಾಡುತ್ತದೆ, ಆದರೆ ಪೊಟ್ಯಾಷಿಯಂ ಕೂರುವ ಜಾಗದಲ್ಲಿ ತಾನು ಕೂತು ತಡೆಯುತ್ತದೆ. ಪ್ರಜೋಲ್‌ಗಳ ಹಾಗೆ ಆಸಿಡ್ಡಿನಲ್ಲಿ ಬದಲಾಗಿ ತಯಾರಾಗಬೇಕಿಲ್ಲ. ಹಾಗಾಗಿ ಊಟದ ಗಡಿಬಿಡಿ ಇಲ್ಲ, ಮೊದಲ ದಿನವೇ ಹೆಚ್ಚುಕಡಿಮೆ ಪೂರ್ತಿ ಪರಿಣಾಮ, ರಾತ್ರಿಯ ಆಸಿಡ್ಡನ್ನೂ ಚೆನ್ನಾಗಿ ಹಿಡಿಯುತ್ತದೆ. ಅನ್ನನಾಳ ಆಸಿಡ್ಡಿನಿಂದ ಸುಟ್ಟು ಗಾಯವಾದವರಲ್ಲಿ ಲ್ಯಾನ್ಸೊಪ್ರಜೋಲ್ ಎದುರಿಗೆ ಇಟ್ಟು ನೋಡಿದಾಗ ಎಂಟು ವಾರದಲ್ಲಿ ಇದರಿಂದ ಗುಣವಾದವರು ಶೇ. 93, ಅದರಿಂದ 85. ಗಾಯ ಜೋರಾಗಿದ್ದವರಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ ಕಂಡಿತು. ಅಂಥವರಿಗೆ ಒಳ್ಳೆಯ ಮಾತ್ರೆಯೇ.

ನಿಮ್ಮ ಅಪ್ಪನಿಗೆ? ನನ್ನ ಅಂದಾಜಿನಲ್ಲಿ ಈಗ ಬೇಡ. ಅದರ ಲೇಬಲ್ಲಿನಲ್ಲೂ ಕ್ಲೊಪಿಡೋಗ್ರೆಲ್ ಜೊತೆ ಎಚ್ಚರ ಅಂತ ಇದೆ, ಅದೇ ಲಿವರ್ ಕಿಣ್ವದ ಕಾರಣಕ್ಕೆ. ಬೆಲೆಯೂ ಜಾಸ್ತಿ. ಇನ್ನೂ ಸರಿಯಾದ ಹೊತ್ತಿಗೆ ಪ್ಯಾಂಟೊಪ್ರಜೋಲ್ ನುಂಗಿಯೇ ನೋಡದವರಿಗೆ ಹೊಸ ಮಾತ್ರೆ ಯಾಕೆ? ಹೊತ್ತು ಸರಿ ಮಾಡಿದ್ದೀರಿ, ನೋವಿನ ಮಾತ್ರೆ ನಿಲ್ಲುತ್ತದೆ, ಊಟ ಬೇಗ ಆಗುತ್ತದೆ. ಎರಡು ಮೂರು ವಾರ ನೋಡಿ. ಆಮೇಲೂ ಉರಿ ಇದ್ದರೆ ಹುಬ್ಬಳ್ಳಿ ಡಾಕ್ಟರ್ ಹೇಳಿದ ಹಾಗೆ ಪರೀಕ್ಷೆಯ ಮಾತು.

ಅಮ್ಮನ "ಉರಿ ಶುರುವಾಯ್ತು ನೋಡು" ನಾಟಕ ಅಲ್ಲ. ಆಸಿಡ್ಡನ್ನು ತುಂಬಾ ದಿನ ತಡೆದು ಹಿಡಿದರೆ, ಬಿಟ್ಟ ಕೂಡಲೇ ಅದು ಮೊದಲಿಗಿಂತ ಜಾಸ್ತಿ ಉಕ್ಕುತ್ತದೆ. 2009ರಲ್ಲಿ ಡೆನ್ಮಾರ್ಕಿನಲ್ಲಿ ಹೊಟ್ಟೆಯ ತೊಂದರೆಯೇ ಇಲ್ಲದ ಆರೋಗ್ಯವಂತರಿಗೆ ಎಂಟು ವಾರ ಎಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದರು. ಅವರಲ್ಲಿ ಶೇ. 44 ಜನರಿಗೆ ಎದೆ ಉರಿ, ಹುಳಿ ತೇಗು ಥರದ್ದು ಬಂತು. ಔಷಧಿಯಿಲ್ಲದ ಮಾತ್ರೆ ತಗೊಂಡವರಲ್ಲಿ ಶೇ. 15. ಕಾಯಿಲೆ ಇಲ್ಲದವರಿಗೇ ಮಾತ್ರೆ ನಿಲ್ಲಿಸಿದ್ದರಿಂದ ಉರಿ! ಜನ ಅದನ್ನು "ನನಗೆ ಈ ಮಾತ್ರೆ ಬಿಡಲು ಆಗುವುದಿಲ್ಲ" ಅಂತ ತಿಳಿದು ಮತ್ತೆ ಶುರು ಮಾಡುತ್ತಾರೆ. ನಮ್ಮ ಅಂಗಡಿಯ ವ್ಯಾಪಾರದಲ್ಲಿ ಒಂದು ಪಾಲು ಹೀಗೇ ನಡೆದದ್ದು, ಸುಳ್ಳು ಯಾಕೆ ಹೇಳಲಿ. ರಾನಿಟಿಡಿನ್ ಗುಂಪಿನಲ್ಲಿ ಈ ಉಕ್ಕುವಿಕೆ ಪ್ರಜೋಲ್‌ಗಳಷ್ಟು ಜೋರಿಲ್ಲ, ಬೇಗ ಇಳಿಯುತ್ತದೆ. ಅಮ್ಮನ ಡಾಕ್ಟರ್ ಒಪ್ಪಿದರೆ ದಿನ ಬಿಟ್ಟು ದಿನ ಮಾಡಿ, ಆಮೇಲೆ ಉರಿ ಬಂದಾಗ ಮಾತ್ರ ಫಾಮೊಟಿಡಿನ್, ನಡುವೆ ಬೇಕಾದರೆ ಜೆಲುಸಿಲ್. ಜೆಲುಸಿಲ್ಲಿಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ. ಅಮ್ಮನಿಗೆ ಕಿಡ್ನಿ ತೊಂದರೆ ಇದ್ದರೆ ಫಾಮೊಟಿಡಿನ್ ಡೋಸ್ ಕಡಿಮೆ ಮಾಡಬೇಕಾಗುತ್ತದೆ, ಅದನ್ನೂ ಹೇಳಿ.

ಹೃದಯದ ಡಾಕ್ಟರ್ ಹತ್ತಿರ ಹೋಗುವಾಗ ಅಪ್ಪನನ್ನು ಒಬ್ಬರೇ ಕಳಿಸಬೇಡಿ. ಚೀಟಿ ಒಂದೇ ಸಾಲದು, ಎಲ್ಲಾ ಸ್ಟ್ರಿಪ್ಪುಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ, ಅಸಿಕ್ಲೊಫೆನಾಕ್ ಖಾಲಿ ಸ್ಟ್ರಿಪ್ ಸಮೇತ. ಅಷ್ಟರಲ್ಲಿ ಮಲ ಟಾರಿನ ಹಾಗೆ ಕಪ್ಪಗೆ ಅಂಟಂಟಾಗಿ ಹೋದರೆ, ಅಥವಾ ಎದ್ದು ನಿಂತಾಗ ತಲೆ ಸುತ್ತಿ ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ. ಕಬ್ಬಿಣದ ಮಾತ್ರೆ ತಗೊಂಡರೂ ಮಲ ಕಪ್ಪಾಗುತ್ತದೆ, ಅಪ್ಪ ಅದನ್ನೇನಾದರೂ ನುಂಗುತ್ತಿದ್ದರೆ ಅದನ್ನೂ ಕವರಿಗೆ ಹಾಕಿ.